ಒಬ್ಬೊಬ್ಬರನ್ನೇ ಕೇಳಿದರೆ ಎಲ್ಲರೂ ‘ಬೇಡ’ ಅಂತಾರೆ, ಒಟ್ಟಿಗೆ ಸೇರಿದರೆ ಎಲ್ಲರೂ ಅದನ್ನೇ ಮಾಡ್ತಾರೆ. ಯಾಕೆ?

ಗಡಿಯಾರ
ನಲವತ್ತು ಜನರ ಒಂದು ಗುಂಪು ಅಂದ್ಕೊಳ್ಳಿ. ಸಭೆ 10 ಗಂಟೆಗೆ ಅಂತ ನೋಟಿಸ್ ಹೋಗಿರುತ್ತೆ, ಶುರುವಾಗೋದು 10.25ಕ್ಕೆ. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳಿದರೆ ಎಲ್ಲರದೂ ಒಂದೇ ಮಾತು, ಹೇಳಿದ ಹೊತ್ತಿಗೆ ಶುರು ಮಾಡಬೇಕು ಅಂತ. ಹಾಗಂದವರೇ ಮುಂದಿನ ಸಲವೂ 10.20ಕ್ಕೆ ಬಂದು ಕೂರ್ತಾರೆ.

ಸಭೆಯೊಳಗೂ ಅದೇ ಕಥೆ. “ಯಾರಿಗಾದರೂ ಆಕ್ಷೇಪ ಇದೆಯಾ?” ಅಂದರೆ ಪಿಟ್ ಅನ್ನಲ್ಲ. ಬಾಗಿಲು ದಾಟಿದ ತಕ್ಷಣ ಮೂರು ಮೂರು ಜನ ನಿಂತು ಆಕ್ಷೇಪ ಶುರು. ಸುತ್ತೋಲೆ, ಬುದ್ಧಿಮಾತು, ದಂಡ, ಈ ಮೂರನ್ನೂ ಪ್ರಯತ್ನಿಸಿದ ಗುಂಪುಗಳು ಬೇಕಾದಷ್ಟಿವೆ. ಏನೂ ಕದಲಲ್ಲ.

ನನ್ನ ಪ್ರಶ್ನೆ ಎರಡು. ಯಾರಿಗೂ ಬೇಡವಾದ ರೂಢಿ ಬದುಕಿ ಉಳಿಯೋದು ಹೇಗೆ? ಅದನ್ನು ಮುರೀಬೇಕು ಅಂದರೆ ಎಲ್ಲಿಂದ ಶುರು ಮಾಡಬೇಕು? “ಜನಾನೇ ಹಾಗೆ” ಅನ್ನೋ ಉತ್ತರ ದಯವಿಟ್ಟು ಬೇಡ. ಅದರಿಂದ ಮಾಡೋಕೆ ಏನೂ ಹುಟ್ಟಲ್ಲ.

ಕೊನೆಬೆಂಚು
ಗುಂಪಲ್ಲಿ ಗೋವಿಂದ. ಒಬ್ಬರು ಕೂಗಿದರೆ ಎಲ್ಲರೂ ಕೂಗ್ತಾರೆ, ಅಷ್ಟೇ.

ಮಿತಭಾಷಿ
ಅಷ್ಟೇ ಅಲ್ಲ. ಸಭೆಗೆ ತಡ ಮಾಡಿ ಬರೋದು ಯಾರನ್ನೋ ನೋಡಿ ಕುರುಡಾಗಿ ಮಾಡೋ ಕೆಲಸ ಅಲ್ಲ, ಲೆಕ್ಕ ಹಾಕಿ ಮಾಡೋದು. ಸರಿಯಾಗಿ 10ಕ್ಕೆ ಬಂದವರು 25 ನಿಮಿಷ ಕಳ್ಕೊಳ್ತಾರೆ. 10.20ಕ್ಕೆ ಬಂದವರು 5 ನಿಮಿಷ ಕಳ್ಕೊಳ್ತಾರೆ. ಉಳಿದವರು ತಡವಾಗಿ ಬರ್ತಾರೆ ಅಂತ ಖಾತ್ರಿ ಇದ್ದಾಗ ತಡವಾಗಿ ಬರೋದೇ ಜಾಣತನ. ನಲವತ್ತು ಜನ ಜಾಣರು ಸೇರಿ ಒಂದು ದಡ್ಡ ಫಲಿತಾಂಶ ಹುಟ್ಟಿಸ್ತಾರೆ.

ರೂಢಿ ಅನ್ನೋ ಮಾತನ್ನ ಸ್ವಲ್ಪ ಬಿಡಿಸಿ ನೋಡಬೇಕು. ಕ್ರಿಸ್ಟಿನಾ ಬಿಕ್ಕಿಯೇರಿ ಎಂಬ ತತ್ತ್ವಶಾಸ್ತ್ರಜ್ಞೆ ಅದನ್ನ ಎರಡು ನಿರೀಕ್ಷೆಗಳ ಮೇಲೆ ನಿಲ್ಲಿಸ್ತಾರೆ. ಒಂದು, ಉಳಿದವರು ಹೀಗೇ *ಮಾಡ್ತಾರೆ* ಅನ್ನೋ ನನ್ನ ಅಂದಾಜು. ಎರಡು, ನಾನೂ ಹೀಗೇ *ಮಾಡಬೇಕು* ಅಂತ ಅವರು ಬಯಸ್ತಾರೆ ಅನ್ನೋ ನನ್ನ ಅಂದಾಜು. ಗಮನಿಸಿ, ಎರಡರಲ್ಲೂ ನನ್ನ ಸ್ವಂತ ಇಷ್ಟಕ್ಕೆ ಜಾಗವೇ ಇಲ್ಲ. ಅದಕ್ಕೇ ಯಾರಿಗೂ ಇಷ್ಟವಿಲ್ಲದ ರೂಢಿ ವರ್ಷಗಟ್ಟಲೆ ನಡೀತದೆ.

ನಿಮ್ಮ ಗುಂಪಿನ ಕಾಯಿಲೆ ಯಾವುದು ಅಂತ ತಿಳಿಯೋಕೆ ಹೆಸರಿಲ್ಲದ ಚೀಟಿಯಲ್ಲಿ ಐದು ಪ್ರಶ್ನೆ ಕೇಳಿ ಸಾಕು:

ನೀವು ಸಾಮಾನ್ಯವಾಗಿ ಎಷ್ಟು ಹೊತ್ತಿಗೆ ಬರ್ತೀರಿ? 40ರಲ್ಲಿ ಎಷ್ಟು ಜನ 10ಕ್ಕೆ ಬರ್ತಾರೆ ಅಂತ ನಿಮ್ಮ ಅಂದಾಜು? ತಡವಾಗಿ ಬರೋದು ತಪ್ಪು ಅಂತ ನಿಮಗೆ ಅನ್ನಿಸುತ್ತಾ? 40ರಲ್ಲಿ ಎಷ್ಟು ಜನಕ್ಕೆ ಅದು ತಪ್ಪು ಅನ್ನಿಸಬಹುದು ಅಂತ ನಿಮ್ಮ ಅಂದಾಜು? ಉಳಿದವರೆಲ್ಲ 10ಕ್ಕೇ ಬಂದರೆ ನೀವೂ ಬರ್ತೀರಾ?

ಮೂರನೆಯದಕ್ಕೆ 35 ಜನ ‘ಹೌದು’ ಅಂದು, ನಾಲ್ಕನೆಯದರಲ್ಲಿ ಅಂದಾಜು 10ರ ಆಸುಪಾಸು ಬಂದರೆ, ಪರಸ್ಪರರ ಮನಸ್ಸಿನ ಬಗ್ಗೆ ಇರೋ ತಪ್ಪು ತಿಳಿವಳಿಕೆಯೇ ಕಾಯಿಲೆ. ಆ 35ನ್ನ ಬಹಿರಂಗ ಮಾಡಿದರೆ ಅರ್ಧ ಕೆಲಸ ಆಯ್ತು. ಅಂದಾಜೂ 35ರ ಹತ್ತಿರವೇ ಇದ್ದು, ಎರಡನೆಯ ಪ್ರಶ್ನೆಗೆ ಮಾತ್ರ “ಐದಾರು ಜನ” ಅಂತ ಉತ್ತರ ಬಂದರೆ ಕಾಯಿಲೆ ಬೇರೆ. ಎಲ್ಲರಿಗೂ ಎಲ್ಲರ ಮನಸ್ಸು ಗೊತ್ತು, ಯಾರೂ ಮೊದಲು ಹೆಜ್ಜೆ ಇಡ್ತಿಲ್ಲ. ಅಲ್ಲಿ ಬೇಕಾದ್ದು ಒಂದೇ ದಿನ ಎಲ್ಲರೂ ಬದಲಾಗೋ ಏರ್ಪಾಡು. ಕೊನೆಯ ಪ್ರಶ್ನೆಗೆ ಬಹಳ ಜನ ‘ಇಲ್ಲ’ ಅಂದರೆ ಅದು ರೂಢಿಯೇ ಅಲ್ಲ. ಹಿಂದಿನ ಕೆಲಸ ಮುಗಿಯೋದೇ 10.15ಕ್ಕೆ ಇರಬಹುದು. ಆಗ ಸಭೆಯ ಸಮಯ ಬದಲಿಸಿ, ಮನಃಶಾಸ್ತ್ರದ ಗೊಡವೆ ಬೇಡ.

ನೇರನುಡಿ
ಇಷ್ಟೆಲ್ಲ ಯಾಕೆ? ಮನಃಶಾಸ್ತ್ರಜ್ಞ ಸಾಲೊಮನ್ ಆಶ್ ಅವರ ಗೆರೆ ಪ್ರಯೋಗ ಎಲ್ಲರಿಗೂ ಗೊತ್ತಲ್ಲ. ನೂರಕ್ಕೆ 75 ಜನ ಕಣ್ಣೆದುರಿನ ಸತ್ಯ ಬಿಟ್ಟು ಗುಂಪಿನ ಹಿಂದೆ ಹೋದರು. ಮನುಷ್ಯ ಕುರಿ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು?

ಅಂಕಿಅಂಶ
ನೇರನುಡಿ ಅವರೇ, ಆ 75ನ್ನ ಎಲ್ಲರೂ ಅರ್ಧಕ್ಕೇ ಓದ್ತಾರೆ. ಆ ಪ್ರಯೋಗ ನಡೆದದ್ದು ಹೀಗೆ. 1950ರ ದಶಕ. ಒಂದು ಕೋಣೆ, ಏಳರಿಂದ ಒಂಬತ್ತು ಜನ. ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಹೇಳಿಕೊಟ್ಟವರು. ಒಂದು ಕಾರ್ಡಿನಲ್ಲಿ ಒಂದು ಗೆರೆ, ಇನ್ನೊಂದರಲ್ಲಿ ಮೂರು ಗೆರೆ. ಯಾವುದು ಸಮ ಅಂತ ಸರದಿ ಪ್ರಕಾರ ಗಟ್ಟಿಯಾಗಿ ಹೇಳಬೇಕು. ಒಟ್ಟು 18 ಸುತ್ತು, ಅದರಲ್ಲಿ 12 ಸುತ್ತಿನಲ್ಲಿ ಹೇಳಿಕೊಟ್ಟವರೆಲ್ಲ ಒಂದೇ ತಪ್ಪು ಉತ್ತರ ಕೊಡ್ತಾರೆ. ಏನೂ ಗೊತ್ತಿಲ್ಲದ ಆ ಒಬ್ಬರ ಸರದಿ ಕೊನೆಗೋ ಕೊನೆಯವರಿಗಿಂತ ಒಂದು ಮುಂಚೆಯೋ ಬರುತ್ತೆ.

75 ಅನ್ನೋದು ಆ 12ರಲ್ಲಿ *ಒಂದು ಸಲವಾದರೂ* ಗುಂಪಿನ ಜೊತೆ ಹೋದವರ ಪ್ರಮಾಣ. ಒಟ್ಟು ಉತ್ತರಗಳನ್ನ ಲೆಕ್ಕ ಹಾಕಿದರೆ ಗುಂಪಿಗೆ ಮಣಿದದ್ದು ಸುಮಾರು ಶೇ. 37. ಮೂರರಲ್ಲಿ ಎರಡು ಪಾಲು ಉತ್ತರ ಸರಿಯಾಗೇ ಇತ್ತು. ಕಾಲು ಭಾಗ ಜನ ಒಮ್ಮೆಯೂ ಮಣಿಯಲಿಲ್ಲ. ಅದನ್ನು ಕುರಿ ಅಂತ ಕರೆಯೋದು ಅನ್ಯಾಯ.

ಇನ್ನೊಂದು ವಿಷಯ ಈ ಚರ್ಚೆಗೆ ಹೆಚ್ಚು ಉಪಯೋಗದ್ದು. ಎದುರು ಒಬ್ಬರೇ ಇದ್ದರೆ ಒತ್ತಡ ಇಲ್ಲವೇ ಇಲ್ಲ ಅನ್ನಬಹುದು. ಇಬ್ಬರಾದರೆ ತಪ್ಪು ಉತ್ತರ ಶೇ. 13–14, ಮೂವರಾದರೆ ಶೇ. 32ರ ಹತ್ತಿರ. ಅಲ್ಲಿಂದ ಮುಂದೆ ಎಷ್ಟು ಜನ ಸೇರಿಸಿದರೂ ಹೆಚ್ಚೇನೂ ಏರಲ್ಲ. ಆದರೆ ಗುಂಪಿನಲ್ಲಿ ಒಬ್ಬರು, ಒಬ್ಬರೇ ಒಬ್ಬರು, ಸರಿ ಉತ್ತರ ಹೇಳಿಬಿಟ್ಟರೆ ಮಣಿಯೋ ಪ್ರಮಾಣ ಕಾಲು ಭಾಗಕ್ಕೆ ಇಳಿಯುತ್ತೆ. ಗುಂಪಿನ ಬಲ ತಲೆ ಎಣಿಕೆಯಲ್ಲಿಲ್ಲ, ಒಮ್ಮತದಲ್ಲಿದೆ. ಒಮ್ಮತ ಒಂದು ಕಡೆ ಬಿರುಕು ಬಿಟ್ಟರೆ ಸಾಕು.

ಸೂಜಿಮಲ್ಲಿ
ಅಂಕಿಅಂಶ ಸರ್, ಉತ್ತರವನ್ನು ಬರೆದು ಕೊಡೋಕೆ ಬಿಟ್ಟಾಗ ಏನಾಯ್ತು ಅನ್ನೋದನ್ನೂ ಹೇಳಿ. ಗಡಿಯಾರ ಅವರ ಎರಡನೇ ತೊಂದರೆಗೆ ಅದೇ ಔಷಧಿ.

ಅಂಕಿಅಂಶ
ಹೌದು ಮೇಡಂ. ಉಳಿದವರು ಬಾಯಲ್ಲಿ ಹೇಳಿ, ಆ ಒಬ್ಬರು ಮಾತ್ರ ಕಾಗದದ ಮೇಲೆ ಬರೆದಾಗ ತಪ್ಪು ಶೇ. 12–13ಕ್ಕೆ ಇಳೀತು. ಕಣ್ಣು, ಬುದ್ಧಿ ಎಲ್ಲ ಮೊದಲಿನಂತೇ ಇತ್ತು. ಬದಲಾದದ್ದು ನಾಲ್ಕು ಜನರ ಮುಂದೆ ಬಾಯಿ ಬಿಡಬೇಕಾದ ಮುಜುಗರ ಒಂದೇ.

ಹಳೇಸದಸ್ಯ
ಆಶ್ ಅವರದ್ದು ಉತ್ತರ ಕಣ್ಣಿಗೆ ಕಾಣೋ ಪ್ರಸಂಗ. ಉತ್ತರವೇ ಇಲ್ಲದ ಕಡೆ ಏನಾಗುತ್ತೆ ಅನ್ನೋದು ಅದಕ್ಕಿಂತ ದೊಡ್ಡ ವಿಷಯ. 1935ರಲ್ಲಿ ಮನಃಶಾಸ್ತ್ರಜ್ಞ ಮುಜಾಫರ್ ಶೆರಿಫ್ ಮಾಡಿದ್ದು ಇದನ್ನೇ.

ಗವ್ವನೆ ಕತ್ತಲು ತುಂಬಿದ ಕೋಣೆ. ಕೆಲವು ಮೀಟರ್ ದೂರದಲ್ಲಿ ಸೂಜಿಮೊನೆಯಷ್ಟು ಬೆಳಕು. ಬೆಳಕು ಕದಲೋದೇ ಇಲ್ಲ, ಆದರೆ ಸುತ್ತ ಹೋಲಿಸಿ ನೋಡೋಕೆ ಏನೂ ಇಲ್ಲದ್ದರಿಂದ ಕಣ್ಣಿಗೆ ಕದಲಿದಂತೆ ಕಾಣುತ್ತೆ. ಎಷ್ಟು ಇಂಚು ಸರೀತು ಅಂತ ಹೇಳಬೇಕು. ಒಬ್ಬರೇ ಕೂತಾಗ ಮೊದಮೊದಲು ಅಂದಾಜು ಎಲ್ಲೆಲ್ಲೋ ಹಾರಾಡುತ್ತೆ, ನೂರು ಸಲ ಹೇಳೋ ಹೊತ್ತಿಗೆ ತನ್ನದೇ ಒಂದು ಅಳತೆಗೆ ಬಂದು ನಿಲ್ಲುತ್ತೆ. ಒಬ್ಬರದು 2 ಇಂಚು, ಇನ್ನೊಬ್ಬರದು 7 ಅನ್ನಿ. ಆಮೇಲೆ ಇವರಿಬ್ಬರನ್ನೂ ಒಟ್ಟಿಗೆ ಕೂರಿಸಿ ಗಟ್ಟಿಯಾಗಿ ಹೇಳಿಸಿದರೆ ಸುತ್ತು ಕಳೆದಂತೆ ಇಬ್ಬರ ಅಳತೆಯೂ ಹತ್ತಿರ ಹತ್ತಿರ ಬರುತ್ತೆ. ಯಾರೂ ಯಾರಿಗೂ ಒಪ್ಪಿಸಿರಲ್ಲ, ವಾದ ನಡೆದಿರಲ್ಲ. ಮತ್ತೆ ಬೇರೆ ಮಾಡಿ ಒಂಟಿಯಾಗಿ ಕೂರಿಸಿದರೂ ಗುಂಪಿನ ಅಳತೆಯನ್ನೇ ಹೇಳ್ತಾರೆ. ಆಶ್ ಕೋಣೆಯಲ್ಲಿ ಬಾಯಿ ಮಾತ್ರ ಮಣಿದಿತ್ತು, ಇಲ್ಲಿ ಒಳಗಣ್ಣೇ ಬದಲಾಗಿಬಿಡ್ತು.

1961ರಲ್ಲಿ ಜೇಕಬ್ಸ್ ಮತ್ತು ಕ್ಯಾಂಬೆಲ್ ಇದನ್ನೇ ಮುಂದುವರಿಸಿದರು. ಹೇಳಿಕೊಟ್ಟವರನ್ನ ಗುಂಪಿನಲ್ಲಿ ಕೂರಿಸಿ 15–16 ಇಂಚು ಅಂತ ಹೇಳಿಸೋದು. ಆಮೇಲೆ ಒಬ್ಬೊಬ್ಬರನ್ನೇ ಎಬ್ಬಿಸಿ ಹೊಸಬರನ್ನ ತರೋದು. ಸುಳ್ಳು ಹೇಳಿದವರೆಲ್ಲ ಎದ್ದು ಹೋದ ಮೇಲೂ ಆ ಉಬ್ಬಿದ ಅಳತೆ ನಾಲ್ಕೈದು ಸರದಿಯವರೆಗೆ ಉಳೀತು, ಆಮೇಲೆ ನಿಧಾನಕ್ಕೆ ಕರಗಿತು. ರೂಢಿಯನ್ನು ಹುಟ್ಟಿಸಿದವರು ಯಾರೂ ಕೋಣೆಯಲ್ಲಿಲ್ಲ, ರೂಢಿ ಮಾತ್ರ ಇದೆ. ಗಡಿಯಾರ ಅವರ 10.25 ಎಲ್ಲಿಂದ ಬಂತು ಅಂತ ಗುಂಪಿನಲ್ಲಿ ಯಾರಿಗೂ ಹೇಳೋಕಾಗದಿದ್ದರೆ ಆಶ್ಚರ್ಯವಿಲ್ಲ.

ಕೊನೆಬೆಂಚು
ಕರಗಿತು ಅಂದಿರಲ್ಲ, ಹಾಗಾದರೆ ಸುಮ್ಮನೆ ಬಿಟ್ಟರೆ 10.25 ಕೂಡ ತಾನಾಗೇ ಕರಗಬೇಕಲ್ವಾ?

ಹಳೇಸದಸ್ಯ
ಒಳ್ಳೇ ಪ್ರಶ್ನೆ. ಬೆಳಕಿನ ಅಳತೆಯಲ್ಲಿ ಯಾರಿಗೂ ಲಾಭನಷ್ಟ ಇರಲಿಲ್ಲ. ಹೊಸಬರ ಕಣ್ಣು ಸಣ್ಣ ಅಳತೆಯ ಕಡೆಗೇ ಎಳೀತಿತ್ತು, ಹಾಗಾಗಿ ಕರಗಿತು. ಸಭೆಯಲ್ಲಿ ಹೊಸಬರು ಬಂದ ಮೊದಲ ದಿನವೇ 25 ನಿಮಿಷ ಖಾಲಿ ಕುರ್ಚಿ ನೋಡ್ತಾ ಕೂರ್ತಾರೆ. ಎರಡನೇ ದಿನ ಅವರೂ ಕಲೀತಾರೆ. ತಡ ಮಾಡೋದನ್ನ ಪ್ರತಿ ಸಭೆಯೂ ಹೊಸದಾಗಿ ಕಲಿಸ್ತಾ ಇರುತ್ತೆ.

ಪ್ರಶ್ನಾರ್ಥಕ
ಹಾಗಾದ್ರ ಬೆಕ್ಕಿಗೆ ಗಂಟಿ ಕಟ್ಟಾವ್ರು ಯಾರ್ರೀ? ಎಲ್ಲಾರೂ ಇನ್ನೊಬ್ರನ್ನ ಕಾಯಕೋತ ಕುಂತ್ರ ಏನೂ ಆಗಂಗಿಲ್ಲ.

ಲೆಕ್ಕಿಗ
ಇದಕ್ಕೊಂದು ಸುಂದರವಾದ ಲೆಕ್ಕ ಇದೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಅವರದ್ದು, 1978. ಪೆನ್ನು ಕಾಗದ ತಗೊಂಡು ನೀವೇ ಮಾಡಿ ನೋಡಬಹುದು.

ಚೌಕದಲ್ಲಿ 100 ಜನ ನಿಂತಿದ್ದಾರೆ. ಪ್ರತಿಯೊಬ್ಬರಿಗೂ ಒಂದು ಹೊಸ್ತಿಲು ಇದೆ: ಇಷ್ಟು ಜನ ಕಲ್ಲು ಎತ್ತಿದರೆ ನಾನೂ ಎತ್ತುತ್ತೇನೆ ಅಂತ. ಒಬ್ಬರ ಹೊಸ್ತಿಲು 0, ಇನ್ನೊಬ್ಬರದು 1, ಮತ್ತೊಬ್ಬರದು 2, ಹೀಗೆ 99ರವರೆಗೆ. 0 ಇರೋರು ಯಾರನ್ನೂ ಕಾಯದೆ ಎತ್ತುತ್ತಾರೆ. ಅದನ್ನು ನೋಡಿ 1ರವರು, ಆ ಇಬ್ಬರನ್ನು ನೋಡಿ 2ರವರು. ಕೊನೆಗೆ ನೂರೂ ಜನ ಗಲಭೆಯಲ್ಲಿದ್ದಾರೆ.

ಈಗ ಒಂದೇ ಒಂದು ತಿದ್ದುಪಡಿ. ಹೊಸ್ತಿಲು 1 ಇದ್ದವರನ್ನು ತೆಗೆದು, ಆ ಜಾಗಕ್ಕೆ ಹೊಸ್ತಿಲು 2 ಇರೋ ಇನ್ನೊಬ್ಬರನ್ನು ಹಾಕಿ. 0ರವರು ಕಲ್ಲು ಎತ್ತುತ್ತಾರೆ. 1ರವರು ಇಲ್ಲ. 2ರವರು ಇಬ್ಬರಿದ್ದಾರೆ, ಆದರೆ ಕಲ್ಲು ಎತ್ತಿದ್ದು ಒಬ್ಬರೇ, ಹಾಗಾಗಿ ಸುಮ್ಮನಿರ್ತಾರೆ. ಗಲಭೆ ಅಲ್ಲಿಗೇ ನಿಂತುಹೋಯ್ತು. 100 ಜನರಲ್ಲಿ 99 ಜನ ಅವರೇ, ಒಬ್ಬರ ಮನಸ್ಸು ಕೂದಲೆಳೆಯಷ್ಟು ಬೇರೆ. ಹೊರಗಿನವರು ನೋಡಿದರೆ ಮೊದಲನೆಯದು “ಪುಂಡರ ಗುಂಪು”, ಎರಡನೆಯದು “ಶಾಂತ ಜನ, ಒಬ್ಬ ಮಾತ್ರ ಕಿಡಿಗೇಡಿ”.

ಅದಕ್ಕೇ ಗುಂಪಿನ ನಡತೆ ನೋಡಿ ಜನರ ಗುಣ ಅಳೆಯಬಾರದು ಅಂತ ನಾನು ಗಟ್ಟಿಯಾಗಿ ಹೇಳೋದು. ಪ್ರಶ್ನಾರ್ಥಕ ಅವರೇ, ಗಂಟೆ ಕಟ್ಟೋಕೆ ವೀರರು ಬೇಡ. 0ರವರು ಎಲ್ಲ ಗುಂಪಿನಲ್ಲೂ ಒಬ್ಬಿಬ್ಬರು ಇದ್ದೇ ಇರ್ತಾರೆ, ಕಮ್ಮಿ ಇರೋದು 1, 2, 3ರವರು. ಮೊದಲನೆಯವರ ಬೆನ್ನಿಗೆ ತಕ್ಷಣ ನಿಲ್ಲೋ ಮೂವರನ್ನು ಮುಂಚೆಯೇ ಮಾತಾಡಿಸಿ ಇಟ್ಕೊಳ್ಳಿ.

ಅಂಕಿಅಂಶ
ಇದಕ್ಕೆ ಬೀದಿಯಲ್ಲೇ ಒಂದು ಪುರಾವೆ ಇದೆ. 1969ರಲ್ಲಿ ಸ್ಟಾನ್ಲಿ ಮಿಲ್‌ಗ್ರಾಂ ತಂಡ ನ್ಯೂಯಾರ್ಕಿನ ಕಾಲುದಾರಿಯಲ್ಲಿ ಜನರನ್ನು ನಿಲ್ಲಿಸಿ, ಎದುರಿನ ಕಟ್ಟಡದ ಆರನೇ ಮಹಡಿಯ ಕಿಟಕಿಯನ್ನು 60 ಸೆಕೆಂಡ್ ನೋಡೋಕೆ ಹೇಳಿತು. ಒಬ್ಬರು ನಿಂತು ನೋಡಿದಾಗ ದಾರಿಹೋಕರಲ್ಲಿ ಶೇ. 4 ಜನ ನಿಂತರು. 15 ಜನ ನೋಡ್ತಾ ನಿಂತಾಗ ಶೇ. 40. ನಡೀತಾನೇ ಕತ್ತೆತ್ತಿ ನೋಡಿದವರನ್ನೂ ಸೇರಿಸಿದರೆ ಶೇ. 42ರಿಂದ 86ಕ್ಕೆ ಏರಿತು. ನೋಡೋದಕ್ಕೆ ಖರ್ಚಿಲ್ಲ, ಒಬ್ಬರು ಸಾಕು. ನಿಲ್ಲೋದಕ್ಕೆ ಸಮಯ ಖರ್ಚಾಗುತ್ತೆ, ಹೆಚ್ಚು ಜನ ಬೇಕು. ಕೇಳಿಕೊಳ್ಳೋ ಬದಲಾವಣೆ ಎಷ್ಟು ಅಗ್ಗವೋ ಅಷ್ಟು ಬೇಗ ಹರಡುತ್ತೆ.

ನೇರನುಡಿ
ಕುರಿ ಅಂದಿದ್ದನ್ನ ವಾಪಸ್ ತಗೊಂಡೆ. ಆದರೆ ದಂಡ ಯಾಕೆ ಕೆಲಸ ಮಾಡಲ್ಲ ಅಂತ ಇನ್ನೂ ಅರ್ಥವಾಗ್ಲಿಲ್ಲ. ಜೇಬಿಗೆ ಕತ್ತರಿ ಬಿದ್ದರೆ ಯಾರಾದರೂ ಸರಿ ಹೋಗಲೇಬೇಕು.

ಮಿತಭಾಷಿ
ಇಸ್ರೇಲಿನ ಹೈಫಾದಲ್ಲಿ 10 ಶಿಶುವಿಹಾರಗಳನ್ನ 20 ವಾರ ಗಮನಿಸಿದ್ದರು, ಗ್ನೀಜಿ ಮತ್ತು ರುಸ್ಟಿಕಿನಿ ಎಂಬ ಅರ್ಥಶಾಸ್ತ್ರಜ್ಞರು, ಪ್ರಕಟವಾಗಿದ್ದು 2000ದಲ್ಲಿ. ಮಕ್ಕಳನ್ನ ಕರೆದೊಯ್ಯೋಕೆ ತಡವಾಗಿ ಬರೋ ಪೋಷಕರ ಸಮಸ್ಯೆ. ಮೊದಲ ನಾಲ್ಕು ವಾರ ಬರೀ ಎಣಿಕೆ. ಐದನೇ ವಾರದಿಂದ 6 ಕಡೆ ದಂಡ, 10 ನಿಮಿಷಕ್ಕಿಂತ ಹೆಚ್ಚು ತಡವಾದರೆ 10 ಶೆಕೆಲ್. ತಡವಾಗಿ ಬರೋರ ಸಂಖ್ಯೆ ಇಳಿಯೋದಿರಲಿ, ಹತ್ತಿರ ಹತ್ತಿರ ದುಪ್ಪಟ್ಟಾಯ್ತು. 17ನೇ ವಾರ ದಂಡ ತೆಗೆದರು. ಆಗಲೂ ಸಂಖ್ಯೆ ಕೆಳಗಿಳಿಯಲಿಲ್ಲ.

ದಂಡ ಬರೋ ಮೊದಲು ಶಿಕ್ಷಕಿಯನ್ನು ಕಾಯಿಸಿದೆವಲ್ಲ ಅನ್ನೋ ಸಂಕೋಚ ಪೋಷಕರನ್ನ ಓಡಿಸ್ತಿತ್ತು. ದಂಡ ಬಂದ ಮೇಲೆ ಅದು ಒಂದು ಸೇವೆಯ ಬೆಲೆ ಆಯ್ತು. ದುಡ್ಡು ಕೊಟ್ಟ ಮೇಲೆ ಸಂಕೋಚ ಯಾಕೆ? ಸಂಕೋಚವನ್ನ ಒಂದು ಸಲ ಮಾರಿದರೆ ವಾಪಸ್ ಕೊಳ್ಳೋಕಾಗಲ್ಲ, ಅದೇ ಇಲ್ಲಿನ ದೊಡ್ಡ ಪಾಠ.

ನದಿದಂಡೆ
ಮಿತಭಾಷಿ ಅವರೇ, ಇದನ್ನ ಓದಿ “ದಂಡವೇ ತಪ್ಪು” ಅಂತ ತೀರ್ಮಾನಕ್ಕೆ ಬರೋದು ಬೇಡ. ಸಮುದಾಯಗಳು ಕೆರೆ, ಕಾಡು, ಮೀನು, ಹುಲ್ಲುಗಾವಲನ್ನು ತಾವೇ ಕಾಪಾಡಿಕೊಂಡದ್ದು ಹೇಗೆ ಅಂತ ಜೀವನಪೂರ್ತಿ ಅಧ್ಯಯನ ಮಾಡಿದ ಎಲಿನೋರ್ ಓಸ್ಟ್ರಮ್ (2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು) ದಂಡ ಬೇಡ ಅನ್ನಲಿಲ್ಲ. ದಂಡ ಮೆಟ್ಟಿಲು ಮೆಟ್ಟಿಲಾಗಿ ಇರಬೇಕು ಅಂದರು. ಮೊದಲ ತಪ್ಪಿಗೆ ಒಂದು ಮಾತು, ಎರಡನೆಯದಕ್ಕೆ ಸಣ್ಣ ಶಿಕ್ಷೆ, ಪದೇ ಪದೇ ಮಾಡಿದವರಿಗೆ ಭಾರಿ. ಅದಕ್ಕಿಂತ ಮುಖ್ಯ, ನಿಯಮ ಮಾಡೋದರಲ್ಲಿ ಅದಕ್ಕೆ ಒಳಪಡೋರದ್ದೂ ಕೈ ಇರಬೇಕು, ಕಾವಲು ಕಾಯೋರು ಆ ಜನಕ್ಕೆ ಉತ್ತರ ಹೇಳೋರಾಗಿರಬೇಕು. ಮೇಲಿನಿಂದ ಬಿದ್ದ ದಂಡ ಬೆಲೆಯಾಗುತ್ತೆ, ನಾವೇ ಹಾಕಿಕೊಂಡ ದಂಡ ಮಾತಿಗೆ ತಪ್ಪಿದ್ದಕ್ಕೆ ಗುರುತಾಗುತ್ತೆ.

ಶಿಕ್ಷೆ ತಿರುಗಿ ಹೊಡೆಯೋದೂ ಉಂಟು. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ 16 ನಗರಗಳಲ್ಲಿ ಒಂದೇ ಆಟ ಆಡಿಸಿತ್ತು. ನಾಲ್ಕು ಜನ ಸಾಮಾನ್ಯ ನಿಧಿಗೆ ಹಣ ಹಾಕೋದು, ಬೇಕಾದರೆ ತನ್ನ ಕೈಯಿಂದ ಖರ್ಚು ಮಾಡಿ ಇನ್ನೊಬ್ಬರನ್ನ ದಂಡಿಸೋದು. ಕೆಲವು ನಗರಗಳಲ್ಲಿ ಕಡಿಮೆ ಹಾಕಿದವರಿಗೆ ಮಾತ್ರ ಶಿಕ್ಷೆ. ಇನ್ನು ಕೆಲವು ಕಡೆ *ಹೆಚ್ಚು ಹಾಕಿದವರನ್ನೂ* ದಂಡಿಸಿದರು. ದೊಡ್ಡಸ್ತಿಕೆ ತೋರಿಸ್ತಾರೆ ಅಂತಲೋ, ಹಿಂದೆ ತನ್ನನ್ನ ದಂಡಿಸಿದ್ದಕ್ಕೆ ಸೇಡೋ. ಅಂಥ ಕಡೆ ಸಹಕಾರ ಚಿಗುರಲೇ ಇಲ್ಲ. 10ಕ್ಕೆ ಸರಿಯಾಗಿ ಬಂದವರನ್ನು “ಓಹೋ ಬಂದ್ಬಿಟ್ರಾ” ಅಂತ ಚುಚ್ಚೋ ಗುಂಪಿನಲ್ಲಿ ದಂಡ ಹಾಕೋ ಮೊದಲು ಆ ಚುಚ್ಚುಮಾತು ನಿಲ್ಲಿಸಿ.

ಸೂಜಿಮಲ್ಲಿ
ನೋಟಿಸ್ ಬರೆಯೋರಿಗೆ ನನ್ನ ಮನವಿ. “ಬಹಳಷ್ಟು ಸದಸ್ಯರು ತಡವಾಗಿ ಬರುತ್ತಿರುವುದು ವಿಷಾದನೀಯ” ಅಂತ ದಯವಿಟ್ಟು ಬರೀಬೇಡಿ. ಓದಿದವರಿಗೆ ದಕ್ಕೋದು “ಬಹಳಷ್ಟು ಜನ ತಡವಾಗಿ ಬರ್ತಾರೆ” ಅನ್ನೋ ಸುದ್ದಿ. ‘ವಿಷಾದ’ ಗಾಳಿಗೆ ಹೋಗುತ್ತೆ.

ಅಮೆರಿಕದ ಅರಿಜೋನಾದಲ್ಲಿ ಕಲ್ಲಾದ ಮರಗಳ ಒಂದು ರಾಷ್ಟ್ರೀಯ ಉದ್ಯಾನ ಇದೆ. ಜನ ಚೂರುಗಳನ್ನ ಕದ್ದೊಯ್ಯೋದೇ ತೊಂದರೆ. ರಾಬರ್ಟ್ ಚಾಲ್ಡೀನಿ ತಂಡ ಗುರುತು ಹಾಕಿದ ಚೂರುಗಳನ್ನು ದಾರಿಯಲ್ಲಿಟ್ಟು ಎರಡು ಥರ ಫಲಕ ಹಾಕಿ ನೋಡಿತು. “ಹಿಂದೆ ಬಂದ ಅನೇಕರು ಚೂರು ಒಯ್ದು ಕಾಡಿನ ಸ್ಥಿತಿ ಬದಲಾಗಿದೆ” ಅನ್ನೋ ಅರ್ಥದ ಫಲಕ ಇದ್ದ ಕಡೆ ಶೇ. 7.92 ಚೂರು ಕಾಣೆಯಾದವು. “ದಯವಿಟ್ಟು ಒಯ್ಯಬೇಡಿ” ಅಂತ ನೇರವಾಗಿ ಕೇಳಿದ ಕಡೆ ಶೇ. 1.67. ಗೋಳು ತೋಡಿಕೊಂಡ ಫಲಕವೇ ಕಳ್ಳತನ ಕಲಿಸಿತು!

ಬ್ರಿಟನ್ನಿನ ತೆರಿಗೆ ಇಲಾಖೆ ಬಾಕಿದಾರರಿಗೆ ಬರೆದ ಪತ್ರದಲ್ಲಿ ಇದನ್ನ ತಿರುಗಿಸಿ ಬಳಸಿತು: ಹತ್ತರಲ್ಲಿ ಒಂಬತ್ತು ಜನ ಸಮಯಕ್ಕೆ ಕಟ್ತಾರೆ, ಇನ್ನೂ ಕಟ್ಟದಿರೋ ಕೆಲವೇ ಕೆಲವರಲ್ಲಿ ನೀವೊಬ್ಬರು. ಸಾದಾ ಪತ್ರಕ್ಕಿಂತ ಹೆಚ್ಚು ಜನ ಕಟ್ಟಿದರು. ಒಂದೇ ಷರತ್ತು, ಆ ಒಂಬತ್ತು ನಿಜವಾಗಿರಬೇಕು. ಸುಳ್ಳು ಅಂಕಿ ಕಣ್ಣೆದುರೇ ಬಯಲಾದರೆ ಮುಂದಿನ ಪತ್ರವನ್ನ ಯಾರೂ ನಂಬಲ್ಲ.

ಗಡಿಯಾರ
ಆದರೆ ಮೇಡಂ, ನಮ್ಮ ಪ್ರಸಂಗದಲ್ಲಿ ಸಮಯಕ್ಕೆ ಬರೋರು ನಿಜವಾಗ್ಲೂ ಕಡಿಮೆ. ಹತ್ತರಲ್ಲಿ ಒಂಬತ್ತು ಅಂತ ಬರೆಯೋ ಹಾಗಿಲ್ಲ.

ಸೂಜಿಮಲ್ಲಿ
ಆಗ ಬರೋರ ಸಂಖ್ಯೆ ಹೇಳಬೇಡಿ, ಬಯಸೋರ ಸಂಖ್ಯೆ ಹೇಳಿ. ಮಿತಭಾಷಿಯವರ ಮೂರನೇ ಪ್ರಶ್ನೆಯ ಉತ್ತರ ಇರೋದು ಅದಕ್ಕೇ. ಏರಿಕೆ ಶುರುವಾದ ಮೇಲೆ ಏರಿಕೆಯನ್ನ ಹೇಳಿ: “ಕಳೆದ ತಿಂಗಳು 6, ಈ ತಿಂಗಳು 13.” 13 ಇನ್ನೂ ಅಲ್ಪಸಂಖ್ಯೆಯೇ, ಆದರೆ ಗಾಳಿ ಯಾವ ಕಡೆ ಬೀಸ್ತಿದೆ ಅಂತ ಗೊತ್ತಾಗುತ್ತೆ. ಮಾಂಸ ಕಡಿಮೆ ತಿನ್ನೋ ಬಗ್ಗೆ 2017ರ ಒಂದು ಪ್ರಯೋಗದಲ್ಲಿ “ಶೇ. 30 ಜನ ಕಡಿಮೆ ತಿಂತಾರೆ” ಅಂದಾಗ ಆಗದ ಬದಲಾವಣೆ “ಶೇ. 30 ಜನ ಇತ್ತೀಚೆಗೆ ಕಡಿಮೆ ಮಾಡ್ತಿದ್ದಾರೆ” ಅಂದಾಗ ಆಯ್ತು. ಮಾಂಸವಿಲ್ಲದ ಊಟ ಕೇಳಿದವರು ಶೇ. 17ರಿಂದ 34ಕ್ಕೆ ಏರಿದರು.

ಇನ್ನೊಂದು ಎಚ್ಚರಿಕೆ. ಸರಾಸರಿಯನ್ನ ಎಲ್ಲರಿಗೂ ಹಂಚಬೇಡಿ. ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್‌ನಲ್ಲಿ 290 ಮನೆಗಳಿಗೆ ನೆರೆಹೊರೆಯ ಸರಾಸರಿ ವಿದ್ಯುತ್ ಬಳಕೆ ತಿಳಿಸಿದಾಗ ಹೆಚ್ಚು ಬಳಸೋರು ಇಳಿಸಿದರು, ಕಡಿಮೆ ಬಳಸ್ತಿದ್ದವರು *ಏರಿಸಿದರು*. ಕಡಿಮೆ ಬಳಸೋರ ಚೀಟಿಯ ಮೇಲೆ ಒಂದು ನಗುಮುಖ ಬರೆದಾಗ ಆ ಏರಿಕೆ ನಿಂತಿತು.

ತಟಸ್ಥ
ಎಲ್ಲವನ್ನೂ ಕಣ್ಣಿಗೆ ಒತ್ತಿಕೊಳ್ಳಬೇಡಿ. ಹೋಟೆಲ್ ಕೋಣೆಯ ಟವೆಲ್ ಪ್ರಯೋಗ (2008) ಎಲ್ಲರ ಬಾಯಲ್ಲೂ ಇದೆ. “ಇದೇ ಕೋಣೆಯಲ್ಲಿ ತಂಗಿದ್ದ ಬಹುಪಾಲು ಅತಿಥಿಗಳು ಟವೆಲ್ ಮತ್ತೆ ಬಳಸಿದರು” ಅಂದರೆ ಮರುಬಳಕೆ ಶೇ. 49, ಬರೀ ಪರಿಸರದ ಮಾತಾಡಿದರೆ ಶೇ. 37ರ ಹತ್ತಿರ. ಆಮೇಲೆ ಜರ್ಮನಿಯಲ್ಲಿ ಮತ್ತೆ ಮಾಡಿ ನೋಡಿದಾಗ ಆ ಮೇಲುಗೈ ಕಾಣಲಿಲ್ಲ. ಮೊದಲೇ ಬಹುಪಾಲು ಜನ ಒಂದು ಕೆಲಸ ಮಾಡ್ತಿದ್ದರೆ “ಎಲ್ಲರೂ ಮಾಡ್ತಾರೆ” ಅನ್ನೋ ಮಾತಿಗೆ ಕೆಲಸವೇ ಇರಲ್ಲ. ಪ್ರಯೋಗಕ್ಕಿಂತ ಮುಂಚೆ ನಿಮ್ಮ ಗುಂಪಿನ ಎಣಿಕೆ ಮಾಡಿ.

ಕೊನೆಬೆಂಚು
ಸ್ವಲ್ಪ ಹೊರಗಿನ ವಿಷಯ. 1964ರಲ್ಲಿ ನ್ಯೂಯಾರ್ಕಿನಲ್ಲಿ ಕಿಟ್ಟಿ ಜೆನೊವೀಸ್ ಅನ್ನೋ ಹೆಣ್ಣುಮಗಳ ಕೊಲೆ ಆದಾಗ 38 ಜನ ಕಿಟಕಿಯಿಂದ ನೋಡ್ತಾ ನಿಂತಿದ್ದರಂತಲ್ಲ. ಅದೂ ಇದೇ ಅಲ್ವಾ?

ಅಂಕಿಅಂಶ
ಆ 38 ಪತ್ರಿಕೆಯಲ್ಲಿ ಬಂದದ್ದು, ಆಮೇಲೆ ಪರಿಶೀಲಿಸಿದಾಗ ನಿಲ್ಲಲಿಲ್ಲ. ನಿಜವಾಗಿ ನೋಡಿದವರು ಅದಕ್ಕಿಂತ ಬಹಳ ಕಡಿಮೆ, ಒಬ್ಬರು ಕೂಗಿ ಕೊಲೆಗಾರನನ್ನ ಓಡಿಸಿದ್ದೂ ಇದೆ, ನೆರೆಮನೆಯಾಕೆ ಕೆಳಗಿಳಿದು ಬಂದು ಕೊನೆಯವರೆಗೆ ಕಿಟ್ಟಿಯನ್ನ ಕೈಯಲ್ಲಿ ಹಿಡಿದಿದ್ದೂ ಇದೆ.

ಆದರೆ ಅದರಿಂದ ಹುಟ್ಟಿದ ಪ್ರಯೋಗ ಗಟ್ಟಿ. 1968ರಲ್ಲಿ ಲತಾನೆ ಮತ್ತು ಡಾರ್ಲಿ ಕೋಣೆಯೊಳಗೆ ಹೊಗೆ ಬಿಟ್ಟರು. ಒಂಟಿಯಾಗಿದ್ದವರಲ್ಲಿ ಶೇ. 75 ಎದ್ದು ಹೋಗಿ ಹೇಳಿದರು. ಏನೂ ಆಗದವರಂತೆ ಕೂತ ಇಬ್ಬರ ಜೊತೆ ಇದ್ದಾಗ ಶೇ. 10. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿ, “ಯಾರೂ ಗಾಬರಿಯಾಗಿಲ್ಲ, ಅಂದಮೇಲೆ ಗಾಬರಿಯ ವಿಷಯವಲ್ಲ” ಅಂದ್ಕೊಳ್ತಾರೆ. ಆ ಸಮಾಧಾನದ ಮುಖ ಎಲ್ಲರದೂ ಹೊರಗಿಂದ ಹಾಕಿಕೊಂಡದ್ದು.

ಇನ್ನೊಂದು ಕಡೆ, ಬ್ರಿಟನ್, ನೆದರ್ಲೆಂಡ್ಸ್, ದಕ್ಷಿಣ ಆಫ್ರಿಕಾದ ಕ್ಯಾಮೆರಾ ದೃಶ್ಯಗಳಲ್ಲಿ ಸಿಕ್ಕ 219 ಬೀದಿ ಜಗಳಗಳನ್ನ ನೋಡಿದಾಗ ಹತ್ತರಲ್ಲಿ ಒಂಬತ್ತು ಕಡೆ ಕನಿಷ್ಠ ಒಬ್ಬರಾದರೂ ಅಡ್ಡ ಬಂದಿದ್ದಾರೆ. ಅಪಾಯ ಸ್ಪಷ್ಟವಾಗಿ ಕಂಡಾಗ ಜನ ಬರ್ತಾರೆ, ಹೊಗೆಯ ಥರ ಅನುಮಾನ ಇದ್ದಾಗ ಹಿಂಜರೀತಾರೆ. ಸಹಾಯ ಬೇಕಾದವರು “ಯಾರಾದ್ರೂ ಬನ್ನಿ” ಅನ್ನಬಾರದು. ಬೆರಳು ತೋರಿಸಿ “ನೀಲಿ ಅಂಗಿಯವರೇ, ಆಂಬುಲೆನ್ಸಿಗೆ ಫೋನ್ ಮಾಡಿ” ಅನ್ನಬೇಕು.

ಲೆಕ್ಕಿಗ
ಸಭೆಗೂ ಅದೇ ಅನ್ವಯ. “ಯಾರಿಗಾದರೂ ಆಕ್ಷೇಪ ಇದೆಯಾ” ಅಂದರೆ “ಯಾರಾದ್ರೂ ಬನ್ನಿ” ಅಂದಂತೆ.

ಸೂಜಿಮಲ್ಲಿ
ಮೌನಕ್ಕೆ ನಡೆಯೋ ಕ್ರಮ ಹೇಳ್ತೀನಿ. ವಿಷಯ ಮಂಡಿಸಿದ ತಕ್ಷಣ ಚರ್ಚೆ ಬೇಡ, ಮೂರು ನಿಮಿಷ ಎಲ್ಲರೂ ಒಂದೇ ಅಳತೆಯ ಚೀಟಿಯಲ್ಲಿ ಬರೀಬೇಕು. ಪ್ರಶ್ನೆ “ಒಪ್ಪುತ್ತೀರಾ?” ಅಂತ ಇರಬಾರದು. “ಇದು ಕೈಕೊಟ್ಟರೆ ಯಾವ ಕಾರಣಕ್ಕೆ ಕೈಕೊಡುತ್ತೆ?” ಅಂತ ಇರಬೇಕು, ಆಗ ಆಕ್ಷೇಪ ಬರೆಯೋದೇ ಒಪ್ಪಿಸಿದ ಕೆಲಸ ಆಗುತ್ತೆ, ಬಂಡಾಯ ಆಗಲ್ಲ. ಚೀಟಿಗಳನ್ನ ಕಲಸಿ ಬೇರೆಯವರು ಓದಬೇಕು, ಅಧ್ಯಕ್ಷರಲ್ಲ. ಆಮೇಲೆ ಮಾತು, ಕಿರಿಯರಿಂದ ಶುರು, ಅಧ್ಯಕ್ಷರು ಕಟ್ಟಕಡೆಗೆ.

ಕೆಡೋದು ಎಲ್ಲಿ ಅಂದರೆ, ಐದಾರು ಜನರ ಗುಂಪಿನಲ್ಲಿ ಕೈಬರಹ ಗೊತ್ತಾಗಿಬಿಡುತ್ತೆ, ಅಲ್ಲಿ ಟೈಪ್ ಮಾಡಿಸಿ. ಓದುವಾಗ “ಇದು ಯಾರು ಬರೆದದ್ದು?” ಅಂತ ಒಬ್ಬರು ಕೇಳಿದರೂ ಸಾಕು, ಮುಂದಿನ ಸಲ ಎಲ್ಲ ಚೀಟಿಯೂ ಖಾಲಿ. ಬಂದ ಆಕ್ಷೇಪಗಳಲ್ಲಿ ಒಂದಕ್ಕಾದರೂ ಅಲ್ಲೇ ನಿರ್ಧಾರ ಬದಲಾಗಬೇಕು. ಇಲ್ಲದಿದ್ದರೆ ಮೂರನೇ ಸಭೆಗೆ ಅದು ಬರೀ ಶಾಸ್ತ್ರ.

ಪ್ರಶ್ನಾರ್ಥಕ
ಒಬ್ರು ಎದ್ದು ನಿಂತು ವಿರೋಧ ಮಾಡಿದ್ರ ಗುಂಪು ಅವ್ರನ್ನ ಸುಮ್ನ ಬಿಡ್ತದೇನ್ರೀ?

ಹಳೇಸದಸ್ಯ
ಬಿಡಲ್ಲ. 1951ರಲ್ಲಿ ಸ್ಟಾನ್ಲಿ ಶಾಕ್ಟರ್ ನೋಡಿದ್ದು ಅದನ್ನೇ. ಬೇರೆ ದನಿ ಎತ್ತಿದವರ ಕಡೆಗೆ ಗುಂಪಿನ ಮಾತೆಲ್ಲ ತಿರುಗುತ್ತೆ, ಒಪ್ಪಿಸೋಕೆ. ಕೊನೆಗೆ ಕೆಲಸ ಹಂಚುವಾಗ ಯಾರಿಗೂ ಬೇಡವಾದ ಕೆಲಸ ಅವರಿಗೆ. ಆದರೆ ಪಟ್ಟು ಬಿಡದೆ ಒಂದೇ ಮಾತು ಹೇಳಿದವರಿಗೆ ಫಲವೂ ಇದೆ. ಸರ್ಜ್ ಮಾಸ್ಕೊವಿಸಿ 1969ರಲ್ಲಿ ಆರು ಜನರ ಗುಂಪಿಗೆ 36 ನೀಲಿ ಸ್ಲೈಡ್ ತೋರಿಸಿದರು. ಇಬ್ಬರು ಪ್ರತಿ ಸಲವೂ “ಹಸಿರು” ಅಂದಾಗ ಉಳಿದ ನಾಲ್ವರ ಉತ್ತರಗಳಲ್ಲಿ ಶೇ. 8.42 ಹಸಿರಾಯ್ತು. ಒಮ್ಮೆ ಹಸಿರು ಒಮ್ಮೆ ನೀಲಿ ಅಂದಾಗ ಶೇ. 1.25 ಮಾತ್ರ. ಅಲ್ಪಸಂಖ್ಯೆಗೆ ಗದ್ದಲದ ಬಲ ಇಲ್ಲ, ಇರೋದು ಸ್ಥಿರತೆಯ ಬಲ ಒಂದೇ.

ನೇರನುಡಿ
25% ಜನ ಬದಲಾದರೆ ಇಡೀ ಗುಂಪು ಮಗುಚುತ್ತೆ ಅಂತಾರಲ್ಲ. ಹಾಗಾದರೆ 40ಕ್ಕೆ 10 ಜನ ಸಾಕು.

ತಟಸ್ಥ
ಅದು 2018ರ ಸೆಂಟೋಲಾ ತಂಡದ ಪ್ರಯೋಗ. 20–30 ಜನರ ಗುಂಪು, ಒಂದು ಚಿತ್ರಕ್ಕೆ ಯಾವ ಹೆಸರು ಇಡೋದು ಅನ್ನೋ ಆಟ. ಹೆಸರು ಬದಲಿಸೋಕೆ ಯಾರಿಗೂ ಹೆಚ್ಚು ನಷ್ಟವಿಲ್ಲ. ಲಾಭನಷ್ಟ ಬೆಸೆದುಕೊಂಡಿರೋ ಕಡೆ ಆ ಅಂಕಿ ಅದೇ ಇರಬೇಕಂತಿಲ್ಲ.

ಲೆಕ್ಕಿಗ
ಎಷ್ಟು ಜನ ಅನ್ನೋದಕ್ಕಿಂತ *ಯಾರು* ಅನ್ನೋದು ನೋಡಿ. ನ್ಯೂಜೆರ್ಸಿಯ 56 ಶಾಲೆಗಳಲ್ಲಿ ಬೆಟ್ಸಿ ಲೆವಿ ಪಲಕ್ ತಂಡ (2016) ಮಕ್ಕಳನ್ನ ಕೇಳಿತು: ನೀವು ಹೆಚ್ಚು ಹೊತ್ತು ಕಳೆಯೋ 10 ಜನರ ಹೆಸರು ಕೊಡಿ. ಅದರಿಂದ ಯಾರ ಕಡೆಗೆ ಹೆಚ್ಚು ಗೆರೆ ಹೋಗುತ್ತೆ ಅಂತ ನಕ್ಷೆ ಬರೆದರು. ಅರ್ಧ ಶಾಲೆಗಳಲ್ಲಿ 20–32 ಮಕ್ಕಳ ಸಣ್ಣ ತಂಡ ಜಗಳದ ವಿರುದ್ಧ ತಾವೇ ಯೋಚಿಸಿದ ರೀತಿಯಲ್ಲಿ ದನಿ ಎತ್ತಿತು. ಆ ಶಾಲೆಗಳಲ್ಲಿ ವರ್ಷದೊಳಗೆ ಜಗಳದ ದೂರು ಶೇ. 30 ಇಳೀತು. ತಂಡದಲ್ಲಿ ಗೆರೆ ಹೆಚ್ಚಿರೋ ಮಕ್ಕಳು ಇದ್ದಷ್ಟೂ ಫಲ ಹೆಚ್ಚು. ಮುಖಂಡರನ್ನ ಆರಿಸಬೇಡಿ, ಎಲ್ಲರ ಕಣ್ಣು ಬೀಳೋರನ್ನ ಆರಿಸಿ. ಅವರು ಬಹಳ ಸಲ ಪದಾಧಿಕಾರಿಗಳಲ್ಲ.

ಗಡಿಯಾರ
ಎಲ್ಲರಿಗೂ ಧನ್ಯವಾದ. ನನಗೆ ತಿಳಿದಷ್ಟು ಹೀಗೆ ಜೋಡಿಸಿದೆ, ತಪ್ಪಿದ್ದರೆ ತಿದ್ದಿ. ಚೀಟಿಯಲ್ಲಿ ಐದು ಪ್ರಶ್ನೆ. ಎಲ್ಲರ ಕಣ್ಣು ಬೀಳೋ ನಾಲ್ವರ ಜೊತೆ ಮೊದಲೇ ಮಾತು. ಒಂದು ಸಭೆಯಲ್ಲಿ ಚೀಟಿಯ ಫಲಿತಾಂಶ ಓದೋದು, ಮುಂದಿನ ನಾಲ್ಕು ಸಭೆ 10ಕ್ಕೇ ಶುರು ಅಂತ ಕೈ ಎತ್ತಿಸೋದು. ಬಂದವರ ಎಣಿಕೆ ಹಲಗೆ ಮೇಲೆ.

ಮಿತಭಾಷಿ
ಎರಡು ತಿದ್ದುಪಡಿ. ಎಣಿಕೆ ಬರೀರಿ, ಆದರೆ ಏರ್ತಾ ಇದ್ದರೆ ಮಾತ್ರ ಹಲಗೆಗೆ. ಮೊದಲ ಸಭೆಗೆ 7 ಜನ ಬಂದರೆ ಅದು ನಿಮ್ಮ ಪುಸ್ತಕದಲ್ಲಿರಲಿ. ಎರಡನೆಯದು, 10ಕ್ಕೆ ಶುರು ಮಾಡೋ ಮೊದಲ ವಿಷಯ ಜನಕ್ಕೆ ಬೇಕಾದ್ದಾಗಿರಬೇಕು, ಕೆಲಸ ಹಂಚೋದೋ, ರಜೆಯ ಪಟ್ಟಿಯೋ. ಹಿಂದಿನ ಸಭೆಯ ವರದಿ ಓದೋದನ್ನ ಮೊದಲಿಗಿಟ್ಟರೆ ತಡವಾಗಿ ಬಂದವರಿಗೆ ಏನೂ ತಪ್ಪಿಹೋಗಲ್ಲ.

ನದಿದಂಡೆ
ಮುಗಿಸೋ ಸಮಯವನ್ನೂ ಬರೀರಿ. 11ಕ್ಕೆ ಅಂದರೆ 11ಕ್ಕೇ ಎದ್ದು ಬಿಡಿ, ವಿಷಯ ಉಳಿದರೂ ಸರಿ. ಮಾತು ಎರಡೂ ತುದಿಯಲ್ಲಿ ನಿಂತರೆ ಜನ ನಂಬ್ತಾರೆ.

ಕೊನೆಬೆಂಚು
ಒಂದು ಸಣ್ಣ ಅನುಮಾನ. 10.15ಕ್ಕೆ ಯಾರೋ ಹಿರಿಯರು ಬಂದು “ಏನಾಯ್ತು ಇಲ್ಲಿವರೆಗೆ?” ಅಂತ ಕೇಳಿದರೆ? ಹೇಳದೇ ಇದ್ದರೆ ಅವಮಾನ, ಹೇಳಿದರೆ ಎಲ್ಲ ಮೊದಲಿಂದ ಶುರು.

ಸೂಜಿಮಲ್ಲಿ
ಬಾಗಿಲ ಪಕ್ಕದ ಕುರ್ಚಿಯ ಮೇಲೆ ಒಂದು ಹಾಳೆ ಇಡಿ. ಆದ ನಿರ್ಧಾರಗಳನ್ನ ಒಬ್ಬರು ಆಗಿಂದಾಗಲೇ ಅದರಲ್ಲಿ ಬರೀತಾ ಹೋಗಲಿ. ಯಾರು ಬಂದರೂ, ಎಷ್ಟೇ ಹಿರಿಯರಾದರೂ, ಪಕ್ಕದಲ್ಲಿರೋರು ಎದ್ದು ನಮಸ್ಕಾರ ಹೇಳಿ ಆ ಹಾಳೆ ಕೈಗೆ ಕೊಡಲಿ. ಮಾತಾಡ್ತಿರೋರು ಮಾತು ನಿಲ್ಲಿಸೋದು ಬೇಡ.